ಎಂಬತ್ತೇಳನೆಯ ಪಾದ್ರಿ

ಊರಿಗೆ ಬಂದ ಪಾದ್ರಿ ಫೋಟೋಕ್ಕೆ ಬಾರದಿರುತ್ತಾನೆಯೇ ಎಂಬುದು ಹುಲಿಯಾ ಗೌಡ ತಿದ್ದಿದ ಗಾದೆ. ಅಸಲು ಗಾದೆಯಲ್ಲಿ ಪಾದ್ರಿಯೂ ಇಲ್ಲ, ಫೋಟೋವೂ ಇಲ್ಲ, ಒಬ್ಬ ಹೆಂಗಸು ಮತ್ತು ಒಂದಿಷ್ಟು ನೀರು ಮಾತ್ರ ಇದೆ ಎಂದು ಗೋದಾವರಿ ಅಕ್ಕೋರು ಅವನಿಗೆ ಹನ್ನೊಂದು ವರ್ಷ ಹೇಳಿದರು. ಅವನು ಹನ್ನೊಂದು ವರ್ಷವೂ ತಲೆಯಾಡಿಸಿ, ಮುಂದಿನ ಸಲ ಮತ್ತೆ ಪಾದ್ರಿಯನ್ನೇ ಫೋಟೋಕ್ಕೆ ಕರೆತಂದ. ಇನ್ನು ಮುಂದೆ ಬರುವುದೆಲ್ಲ ನಡೆದ ಸಂಗತಿ. ಇದರಲ್ಲಿ ಸುಳ್ಳು ಎಷ್ಟಿದೆಯೋ ಅಷ್ಟೂ ಹುಲಿಯಾ ಗೌಡನ ಪಾಲಿನದು. ಬೇರೆ ಯಾರಿಗೂ ಅವನು ಅದರಲ್ಲಿ ಪಾಲು ಬಿಟ್ಟುಹೋಗಿಲ್ಲ.

ಆಷಾಢದ ಆ ಬೆಳಿಗ್ಗೆ, ಬೆಳಂಬಾರದ ಗೌಡರ ಕೊಪ್ಪ ಎಂಬ ಕೇರಿಯಲ್ಲಿ, ಹುಲಿಯಾ ಗೌಡನ ಮನೆಯ ಜಗಲಿಯ ಮೇಲೆ ಒಂದು ಹಾಸಿಗೆಯ ಸುರುಳಿ ಇಬ್ಬರ ಕೈಯಲ್ಲಿತ್ತು. ಒಂದು ತುದಿಯನ್ನು ಹಿಡಿದವನು ಸತ್ತ ಹುಲಿಯಾನ ತಮ್ಮ ತಿಮ್ಮು ಗೌಡ. ಇನ್ನೊಂದು ತುದಿಯನ್ನು ಹಿಡಿದವರು ಗೋದಾವರಿ ಅಕ್ಕೋರು. ಇಬ್ಬರೂ ಎಳೆಯುತ್ತಿರಲಿಲ್ಲ. ಇಬ್ಬರೂ ಬಿಡುತ್ತಲೂ ಇರಲಿಲ್ಲ.

"ಬಿಡಿ ಅಕ್ಕೋರೆ," ಎಂದ ತಿಮ್ಮು. "ಸತ್ತವ್ನ ಹಾಸ್ಗೆ ಅದು. ಅವ್ನ ಸಂಗ್ತಿಗೇ ಹೋಗ್ಬೇಕು."

"ಹಾಸ್ಗೆ ಹೋಗ್ಲಿ ಗೌಡ್ರೆ. ಒಳಗಿದ್ದದ್ದು ಹಾಸ್ಗೆ ಅಲ್ಲ."

"ಅವ ಅದ್ರ ಮೇನೆ ಮಲ್ಗಿದ್ದ. ಮಲ್ಗಿದ್ರೆ ಮತ್ತೆಂತದು, ಹಾಸ್ಗೆಯೇ."

ಅಕ್ಕೋರು ಕಾರವಾರದ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು. ಎಷ್ಟೋ ತಂಟೆಕೋರರ ಕೈಯಿಂದ ಎಷ್ಟೋ ಸಾಮಾನುಗಳನ್ನು ಬಿಡಿಸಿಕೊಂಡಿದ್ದರು. ಆದರೆ ಎಪ್ಪತ್ತು ದಾಟಿದ, ಹೆಗಲ ಮೇಲೆ ಒದ್ದೆ ಪಂಚೆ ಹಾಕಿಕೊಂಡ, ಅಣ್ಣನ ಹೆಣದ ಪಕ್ಕ ನಿಂತ ಮನುಷ್ಯನ ಕೈಯಿಂದ ಏನನ್ನು ಹೇಗೆ ಬಿಡಿಸಿಕೊಳ್ಳುವುದು ಎಂದು ಅವರಿಗೆ ತಿಳಿಯಲಿಲ್ಲ. ಬಿಡಬಾರದು ಎಂಬುದು ಮಾತ್ರ ತಿಳಿದಿತ್ತು.

ಸುರುಳಿಯಲ್ಲಿ ಒಂದು ಚಾಪೆ, ಎರಡು ಕಂಬಳಿ. ಕಂಬಳಿಗಳ ನಡುವೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುತ್ತಲೂ ಹೊಲಿಗೆ ಹಾಕಿದ ಒಂದು ಚಪ್ಪಟೆ ಗಂಟು. ಅದರಲ್ಲಿ ಕಾರವಾರದ ಗುಡ್ಡದ ಮೇಲಿದ್ದ ಹಳೆಯ ಲೂಥರನ್ ಸೆಮಿನರಿಯ, ಎಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯ, ನಲವತ್ತೊಂಬತ್ತು ಫೋಟೋಗಳು, ಒಂದು ಹಾಜರಿ ಪುಸ್ತಕ, ಒಂದು ಹಿತ್ತಾಳೆಯ ಮೊಹರು, ಲಿಂಡ್ನರ್ ಪಾದ್ರಿಯ ಕನ್ನಡಕ. ಸೆಮಿನರಿ ಈಗಿಲ್ಲ. ಆ ಫೋಟೋಗಳಿಗೆ ಇನ್ನೊಂದು ಪ್ರತಿಯೂ ಇಲ್ಲ. ಸತ್ತವನು ಕೊನೆಯ ಉಸಿರು ಎಳೆದಾಗ ಯಾವ ಚಾಪೆ, ಯಾವ ಕಂಬಳಿಯ ಮೇಲಿದ್ದನೋ ಅವೆಲ್ಲ ಚಟ್ಟದ ಹಿಂದೆಯೇ ಮಸಣಕ್ಕೆ ಹೋಗಿ ಸುಡಬೇಕು, ಯಾರ ಮನೆಯ ಹೊಸಿಲನ್ನೂ ಮತ್ತೆ ದಾಟಬಾರದು ಎಂಬುದು ಕೊಪ್ಪದ ಪದ್ಧತಿ. ಪದ್ಧತಿಗೆ ಫೋಟೋ ಗೊತ್ತಿಲ್ಲ.

ಹುಲಿಯಾನ ಮಗಳು ಬೊಮ್ಮಿ ಅಪ್ಪನ ತಲೆಯ ಹತ್ತಿರ ಗೋಡೆಗೆ ಒರಗಿ ಕುಳಿತಿದ್ದಳು. ಬೆಳಗಿನ ಜಾವ ಅಕ್ಕೋರಿಗೆ ಫೋನು ಮಾಡಿದವಳು ಅವಳೇ. "ಅಪ್ಪ ಹೋದ. ನಿಮ್ಮ ಪಾದ್ರಿಗಳು ಅವ್ನ ಅಡಿಗೇ ಇದ್ದಾರೆ, ಬೇಗ ಬನ್ನಿ," ಎಂದಿದ್ದಳು, ಅಷ್ಟೆ. ಅಲ್ಲಿಂದೀಚೆ ಅವಳು ಯಾರೊಂದಿಗೂ ಮಾತಾಡಿರಲಿಲ್ಲ.

*

ಹನ್ನೊಂದು ವರ್ಷದ ಹಿಂದೆ ಸೆಮಿನರಿಯ ಟ್ರಸ್ಟಿನವರು ಚರ್ಚಿನ ಹಿಂದಿನ ಹಳೆಯ ಶಾಲಾಕೋಣೆಯನ್ನು ಅಕ್ಕೋರಿಗೆ ವಹಿಸಿದ್ದರು. ಎರಡು ಕಪಾಟು, ಒಂದು ಮೇಜು. ಸೆಮಿನರಿಯ ನೆನಪಿನ ಸಾಮಾನು ಯಾರ ಬಳಿಯಾದರೂ ಇದ್ದರೆ ತಂದುಕೊಡಿ ಎಂದು ಅಕ್ಕೋರು ಬಾಗಿಲಿಗೆ ಚೀಟಿ ಅಂಟಿಸಿದರು. ಎರಡು ತಿಂಗಳು ಹಲ್ಲಿ ಬಿಟ್ಟರೆ ಯಾರೂ ಬರಲಿಲ್ಲ. ಆಮೇಲೆ ಒಂದು ಶನಿವಾರ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಒಬ್ಬ ಸಣಕಲ ಮುದುಕ ಬಂದು, ಕೈಯಲ್ಲಿದ್ದ ಸ್ಟೀಲಿನ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟ.

ಡಬ್ಬಿ ತೆರೆದರೆ ಒಣ ಬಂಗಡೆಯ ವಾಸನೆ. ಒಳಗೆ ಮಾತ್ರ ಹದಿನಾಲ್ಕು ಮಂದಿ ಕೋಟು ಹಾಕಿ, ಕೈ ಕಟ್ಟಿ ಕುಳಿತ ಫೋಟೋ. ಕಂದಾಗಿತ್ತು, ಆದರೆ ಒಂದು ಚುಕ್ಕೆ ಬೂಜು ಇರಲಿಲ್ಲ. ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಜು ಬರುತ್ತದೆ, ದೇವರ ಪಟಕ್ಕೂ ಬರುತ್ತದೆ. ಇದು ಹೇಗೆ ಉಳಿಯಿತು ಎಂದು ಅಕ್ಕೋರು ಕೇಳಿದರು.

"ಒಲೆ ಮೇನಿನ ಅಟ್ಟದಾಗೆ ಇಟ್ಟದ್ದು," ಎಂದ ಮುದುಕ. "ಹೊಗೆ ಬಡ್ದ್ರೆ ಬಂಗಡೆ ಕೆಡುದಿಲ್ಲ. ಪಾದ್ರಿಗಳು ಎಂತಕೆ ಕೆಡ್ತ್ರು?"

ಹೀಗೆ ಹುಲಿಯಾ ಗೌಡ ಅಕ್ಕೋರಿಗೆ ಪರಿಚಯವಾದ. ಹದಿನಾರನೆಯ ವಯಸ್ಸಿಗೆ ಸೆಮಿನರಿಗೆ ಗಂಟೆ ಹೊಡೆಯುವ ಕೆಲಸಕ್ಕೆ ಸೇರಿದವನು. ಗಂಟೆಯ ಹಗ್ಗಕ್ಕೆ ಸಿಕ್ಕಿ ಎಡಗೈಯ ಕಿರುಬೆರಳು ಮುರಿದು, ಗಾಳದಂತೆ ಬಾಗಿ ಕೂಡಿಕೊಂಡಿತ್ತು. ಆಮೇಲೆ ಕಸ ಹೊಡೆದ, ಪುಸ್ತಕಗಳನ್ನು ಬಿಸಿಲಿಗೆ ಹರವಿದ, ಅಡಿಗೆಯವನು ಬಾರದ ದಿನ ಸಾರು ಕಾಸಿದ, ಸೆಮಿನರಿ ಮುಚ್ಚಿದ ಮೇಲೆ ಖಾಲಿ ಕಟ್ಟಡ ಕಾದ. ಕಟ್ಟಡ ಕೆಡವುವಾಗ ಗೆದ್ದಲು ಹಿಡಿದ ಎರಡು ಪೆಟ್ಟಿಗೆಗಳನ್ನು ಸುಟ್ಟುಬಿಡು ಎಂದು ಯಾರೋ ಹೇಳಿದರು. ಸುಡುವುದಾದರೆ ನಮ್ಮ ಮನೆಯ ಒಲೆಯಲ್ಲೇ ಸುಡುತ್ತೇನೆ ಎಂದು ಹುಲಿಯಾ ಕೇಳಿ ಪಡೆದ. ಮೀನಿನ ಬುಟ್ಟಿಯಲ್ಲಿ ತುಂಬಿ, ಮೇಲೆ ನಾಲ್ಕು ಒಣ ಬಂಗಡೆ ಹರಡಿ, ನಾಲ್ಕು ಸಲ ಬಸ್ಸಿನಲ್ಲಿ ಅಂಕೋಲೆಗೆ, ಅಲ್ಲಿಂದ ಬೆಳಂಬಾರದ ಮನೆಗೆ ಒಯ್ದ. ಕಂಡಕ್ಟರು ಮೂಗು ಮುಚ್ಚಿಕೊಂಡು ಅವನನ್ನು ಹಿಂದಿನ ಸೀಟಿಗೆ ಕಳಿಸಿದನಂತೆ. ನೂರು ವರ್ಷದ ಪಾದ್ರಿಗಳು ಗಾಲಿಯ ಮೇಲೆ ಕುಲುಕುತ್ತ ದಾರಿಯ ಅವರ್ಸೆ ಊರನ್ನು ದಾಟಿದರಂತೆ.

ಎಲ್ಲವನ್ನೂ ಒಟ್ಟಿಗೆ ತನ್ನಿ ಎಂದು ಅಕ್ಕೋರು ಎಷ್ಟು ಹೇಳಿದರೂ ಕೇಳಲಿಲ್ಲ. ಎರಡು ವಾರಕ್ಕೊಮ್ಮೆ, ಶನಿವಾರ, ಡಬ್ಬಿಯಲ್ಲಿ ಒಂದು ಫೋಟೋ. ಬಹಳ ಬೇಡಿಕೊಂಡರೆ ಎರಡು. "ಒಂದೇ ಸಲಕ್ಕೆ ಕೊಟ್ರೆ ನೀವು ಮುಂದಿನ್ ವಾರ ಚಾ ಕೊಡೂದಿಲ್ಲ," ಎನ್ನುತ್ತಿದ್ದ. ಚಾ ಕುಡಿಯುತ್ತ ಫೋಟೋದಲ್ಲಿದ್ದ ಒಬ್ಬೊಬ್ಬರ ಹೆಸರು, ಊರು, ಗೊರಕೆ, ನಡಿಗೆ ಎಲ್ಲವನ್ನೂ ಹೇಳುತ್ತಿದ್ದ. ಹೇಳುತ್ತಿರಲಿಲ್ಲ, ಆಗುತ್ತಿದ್ದ. ತಾನು ಕಂಡವರನ್ನು ಕಂಡಂತೆ, ತನಗಿಂತ ಹಿಂದಿನವರನ್ನು ಹಳೆಯ ಅಡಿಗೆಯವನು ಹೇಳಿದಂತೆ. ಜರ್ಮನಿಯಿಂದ ಬಂದ ಕೊನೆಯ ಪಾದ್ರಿ ಲಿಂಡ್ನರ್ ಕನ್ನಡವನ್ನು ವ್ಯಾಕರಣದಿಂದ ಕಲಿತವರು. ಒಂದು ವಿಭಕ್ತಿಯನ್ನೂ ಬಿಡದೆ ಮಾತಾಡುವರು. ಹುಲಿಯಾ ಕುರ್ಚಿಯಿಂದ ಎದ್ದು, ಕೈ ಬೆನ್ನಿಗೆ ಕಟ್ಟಿ, ಗಲ್ಲ ಎತ್ತಿ, "ಎಲೈ ಹುಲಿಯನೇ, ಮಳೆಯು ಬರುತ್ತಲಿರುವುದು, ನೀನು ಕಿಟಕಿಗಳನ್ನು ಮುಚ್ಚತಕ್ಕದ್ದು," ಎಂದರೆ ಅಕ್ಕೋರು ನಿಜವಾಗಿಯೂ ಕಿಟಕಿಯತ್ತ ನೋಡುತ್ತಿದ್ದರು. ಆಮೇಲೆ ತಮ್ಮ ಮೇಲೆ ತಾವೇ ಸಿಟ್ಟಾಗಿ ರಿಜಿಸ್ಟರು ತೆರೆಯುತ್ತಿದ್ದರು. ಅಕ್ಕೋರು ನಗುವವರಲ್ಲ. ತುಟಿಯ ಒಂದು ಕೊನೆ ಅಲುಗಿದರೆ ಅವರ ಮಟ್ಟಿಗೆ ಅದು ಜಾತ್ರೆ.

ಮೂರು ವರ್ಷದ ಹಿಂದೆ ಬೊಮ್ಮಿಗೆ ಕೆಮ್ಮು ಹೆಚ್ಚಾಗಿ ಮನೆಗೆ ಗ್ಯಾಸ್ ಬಂತು. ಒಲೆ ಆರಿತು, ಅಟ್ಟಕ್ಕೆ ಹೊಗೆ ಬರುವುದು ನಿಂತಿತು. ಆ ಮಳೆಗಾಲ ಎರಡು ಫೋಟೋಗಳಿಗೆ ಬೂಜು ಬಂತು. ಅಕ್ಕೋರು ಉಳಿದದ್ದನ್ನು ತಕ್ಷಣ ಕೊಡಿ ಎಂದರು. ಹುಲಿಯಾ ಗಂಟು ಕಟ್ಟಿ ತನ್ನ ಹಾಸಿಗೆಯೊಳಗೆ ಸೇರಿಸಿದ.

"ಮನ್ಷ್ಯನ ಮೈ ಅಂದ್ರೂ ಒಂದ್ ಒಲೆಯೇ ಅಕ್ಕೋರೆ," ಎಂದ. "ಉರಿ ಸಣ್ಣ, ಅಷ್ಟೆ."

*

ಈಗ ಉರಿ ಆರಿತ್ತು.

ಮಳೆ ಸ್ವಲ್ಪ ಹೊಳವಾದಾಗ ಚಟ್ಟ ಸಿದ್ಧವಾಯಿತು. ಅಂಕೋಲೆಯಿಂದ ಅಶೋಕ ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು, ಹುಲಿಯಾನ ಹಳೆಯ ಗೆಣೆಕಾರ. ಹೆಣದ ಕಾಲು ಮುಟ್ಟಿ, ಮೂಲೆಯಲ್ಲಿ ನಿಂತು, ಅಕ್ಕೋರನ್ನು ಕಂಡೊಡನೆ ಏಕೋ ಮುಖ ತಿರುಗಿಸಿದ. ದುಃಖ ಇರಬೇಕು ಎಂದುಕೊಂಡರು ಅಕ್ಕೋರು.

ಹೆಣ ಎತ್ತುವ ಮೊದಲು ಒಂದು ಮಾತು ಕೇಳುವ ಪದ್ಧತಿ ಆ ಕೊಪ್ಪದಲ್ಲಿದೆ. ಸತ್ತವನ ಮನೆಯಲ್ಲಿ ಯಾರದಾದರೂ ಎರವಲು ಸಾಮಾನು ಇದ್ದರೆ ಆಗಲೇ ಕೇಳಿ ಪಡೆಯಬೇಕು. ಎರವಲು ಹೊತ್ತು ಹೋದವನಿಗೆ ದಾರಿ ಸಿಗುವುದಿಲ್ಲವಂತೆ. ತಿಮ್ಮು ಒಂದು ಕೈಯಲ್ಲಿ ಸುರುಳಿಯ ತುದಿಯನ್ನು ಹಿಡಿದೇ, ಅಂಗಳದ ಕಡೆ ತಿರುಗಿ ಮೂರು ಸಲ ಕೇಳಿದ.

ಪಕ್ಕದ ಮನೆಯ ಹೀರಾ ತನ್ನ ಒನಕೆ ಕೇಳಿದಳು. ಇನ್ನೊಬ್ಬ ಹಾರೆ ಕೇಳಿದ. ದೇವಿ ಎಂಬ ಮುದುಕಿ ಹೋದ ವರ್ಷ ಕೊಟ್ಟ ಕೊಡೆ ಕೇಳಿದಳು. ತಿಮ್ಮು ಸುತ್ತ ನೋಡಿ, ತನ್ನ ಕಂಕುಳಲ್ಲೇ ಇದ್ದ ಕೊಡೆಯನ್ನು ತೆಗೆದು ಅವಳಿಗೆ ಕೊಟ್ಟ. ಯಾರೂ ನಗಲಿಲ್ಲ, ಆದರೆ ನಾಲ್ಕೈದು ಮಂದಿ ನೆಲ ನೋಡಿದರು.

"ನಂದೂ ಒಂದುಂಟು," ಎಂದರು ಅಕ್ಕೋರು. "ಈ ಕಂಬಳಿಯೊಳಗಿನ ಗಂಟು. ಇದು ಹುಲಿಯಾನ ಹಾಸ್ಗೆ ಅಲ್ಲ. ಎರವಲು."

ತಿಮ್ಮು ಯೋಚಿಸಿದ. ಅವನು ಹಟಮಾರಿ, ಆದರೆ ಮೋಸಗಾರನಲ್ಲ. ಕೇಳಿದ್ದಕ್ಕೆ ಉತ್ತರ ಹುಡುಕುವ ಮನುಷ್ಯ. "ಎರವಲು ಕೊಟ್ಟದ್ದು ನೀವಾ?"

"ಸೆಮಿನರಿ."

"ಹಂಗಾದ್ರೆ ಸೆಮಿನರಿ ಬಂದು ಕೇಳ್ಲಿ. ಕೊಟ್ಟವ್ರು ಕೇಳ್ಬೇಕು, ತಕ್ಕೊಳ್ಳೋವ್ರು ಅಲ್ಲ."

ಅಕ್ಕೋರು ಚೀಲದಿಂದ ಟ್ರಸ್ಟಿನವರ ಕಾಗದ ತೆಗೆದರು. ಸೆಮಿನರಿಯ ಸಮಸ್ತ ಸಾಮಾನೂ ಅವರ ವಶದಲ್ಲಿರತಕ್ಕದ್ದು ಎಂದು ಬರೆದು, ಮೂವರು ಸಹಿ ಹಾಕಿದ ಕಾಗದ. ಅದರ ಮೇಲೆ ಹೆಂಚಿನ ಮಾಡಿನ ಅಂಚಿನಿಂದ ಒಂದು ಹನಿ ಬಿತ್ತು. ತಿಮ್ಮು ಅದನ್ನು ನೋಡಿದ, ಮುಟ್ಟಲಿಲ್ಲ. ಕಾಗದ ಮಾತಾಡುವುದಿಲ್ಲ, ಮಾತಾಡುವವರು ಬರಲಿ ಎಂದ. ಅಂಗಳದಲ್ಲಿ ಯಾರೋ ಹೊತ್ತಾಯಿತು ಎಂದರು. ಇನ್ನೊಬ್ಬರು, ಕಾರವಾರದ ಅಕ್ಕೋರು ಇಷ್ಟು ದೂರ ಬಂದಿದ್ದಾರೆ, ಕೊಡಬಾರದೇ ಎಂದರು. ಕೊಟ್ಟರೆ ನಾಳೆ ಮನೆಯಲ್ಲಿ ಮಗು ಜ್ವರ ಬಂದು ಮಲಗಿದರೆ ನೀನು ಬರುತ್ತೀಯಾ ಎಂದು ಮೂರನೆಯವರು ಅವರನ್ನು ಸುಮ್ಮನಾಗಿಸಿದರು.

ಅಕ್ಕೋರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಗೌಡ್ರೆ, ನಾ ಇದ್ರ ಸಂಗ್ತಿಗೆ ಮಸಣಕ್ಕೆ ಬರ್ತೇನೆ. ಚಿತೆ ಮೇಲೆ ಇಟ್ರೆ ನಾನೂ ಅದ್ರ ಮೇಲೆ ಕೂರ್ತೇನೆ. ನಂಗೆ ಅರವತ್ತಾರು. ಒದ್ದೆ ಕಟ್ಟಿಗೆ, ಲಗೂ ಹತ್ತೂದಿಲ್ಲ. ನೋಡುವಾ ಯಾರು ಮೊದ್ಲು ಸೋಲ್ತಾರೆ ಅಂತ."

ತಿಮ್ಮು ಸುರುಳಿಯ ತುದಿಗೆ ಇನ್ನೊಂದು ಕೈಯನ್ನೂ ಹಾಕಿದ.

ಆಗ ಜಗಲಿಯ ಗೋಡೆಯ ಬುಡದಿಂದ ಒಂದು ಧ್ವನಿ ಎದ್ದಿತು.

"ಎಲೈ ತಿಮ್ಮುವೇ!"

ಬೊಮ್ಮಿ ಎದ್ದು ನಿಂತಿದ್ದಳು. ಕೈಗಳು ಬೆನ್ನಿಗೆ. ಗಲ್ಲ ಮೇಲಕ್ಕೆ. ಅತ್ತು ಅತ್ತು ಊದಿದ ಕಣ್ಣು, ಅದರ ಕೆಳಗೆ ಲಿಂಡ್ನರ್ ಪಾದ್ರಿಯ ಬಾಯಿ. ರಕಾರ ಗಂಟಲಲ್ಲಿ ಕಲ್ಲು ಉರುಳಿದಂತೆ ಉರುಳಿತು.

"ಎಲೈ ತಿಮ್ಮುವೇ, ನಮ್ಮ ಗಂಟನ್ನು ನೀನು ಏತಕ್ಕಾಗಿ ಅಗ್ನಿಗೆ ಹಾಕುತ್ತಲಿರುವೆ? ನಿನ್ನ ಸಹೋದರನು ಅದನ್ನು ನಮ್ಮಿಂದ ಎರವಲಾಗಿ ಪಡೆದುಕೊಂಡನು. ಈಗ ಅದನ್ನು ಆ ಉಪಾಧ್ಯಾಯಿನಿಗೆ ಕೊಡತಕ್ಕದ್ದು. ಮತ್ತು ನಿನ್ನ ಕಾಲುಗಳನ್ನು ಒರೆಸಿಕೊಳ್ಳತಕ್ಕದ್ದು."

ತಿಮ್ಮು ಎಂಟು ವರ್ಷದವನಿದ್ದಾಗ ಅಣ್ಣನನ್ನು ನೋಡಲು ಸೆಮಿನರಿಗೆ ಹೋಗಿ, ಕೆಸರು ಕಾಲಲ್ಲಿ ಪಾದ್ರಿಯ ಜಗಲಿ ಹತ್ತಿ ಬೈಸಿಕೊಂಡಿದ್ದ. ಅದು ಮನೆಯಲ್ಲಿ ಅರವತ್ತು ವರ್ಷದಿಂದ ನಡೆದು ಬಂದ ತಮಾಷೆ. ಹುಲಿಯಾ ಪ್ರತಿ ಹಬ್ಬಕ್ಕೂ ಆಡಿ ತೋರಿಸುತ್ತಿದ್ದ. ತಿಮ್ಮುವಿನ ಕೈ ತಾನಾಗಿ ಸಡಿಲಿತು. ಅವನು ಕೆಳಗೆ ನೋಡಿ, ಗೋಣಿಚೀಲಕ್ಕೆ ಕಾಲು ಒರೆಸಿದ.

"ಆಯ್ತು ಪಾದ್ರ್ಯೋರೆ," ಎಂದ ಸಣ್ಣಗೆ.

ಆಮೇಲೆ ತಾನು ಆಡಿದ್ದು ತನಗೇ ಕೇಳಿಸಿ, ಜಗಲಿಯ ಅಂಚಿನಲ್ಲಿ ಕುಕ್ಕರಿಸಿ, ಬೆಳಗಿನಿಂದ ಅಳದವನು ಪಂಚೆಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅದು ಹುಲಿಯಾನದೇ ಧ್ವನಿ, ಹೌದಾ, ಅವನದೇ ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು. ಬೊಮ್ಮಿ ತಾನೇ ಕತ್ತಿ ತಂದು ಕಂಬಳಿ ಬಿಡಿಸಿ, ಹೊಲಿಗೆ ಹಾಕಿದ ಗಂಟನ್ನು ಅಕ್ಕೋರ ಮಡಿಲಿಗಿಟ್ಟಳು. ಅದಿನ್ನೂ ಬೆಚ್ಚಗಿದೆ ಎಂದು ಅಕ್ಕೋರಿಗೆ ಅನ್ನಿಸಿತು. ಇರಲಾರದು. ಆದರೂ ಅನ್ನಿಸಿತು.

*

ಏಳು ವರ್ಷದ ಹಿಂದಿನ ಒಂದು ಶನಿವಾರ ಹುಲಿಯಾ ತಂದ ಫೋಟೋಕ್ಕೆ ರಿಜಿಸ್ಟರಿನಲ್ಲಿ ಎಂಬತ್ತೇಳು ಎಂಬ ನಂಬರು ಬಿತ್ತು. ಉದ್ದ ಗಡ್ಡ, ಹಳೆಯ ಮಾದರಿಯ ಕರಿ ನಿಲುವಂಗಿ, ಬೈಬಲಿನ ಮೇಲೆ ಎಡಗೈ. ಚಾದ ಡಿಕಾಕ್ಷನ್ನಿನಂತೆ ಕಂದಿದ ಕಾಗದ. ಯಾರಿದು ಎಂದು ಅಕ್ಕೋರು ಕೇಳಿದರು.

ಹುಲಿಯಾ ಬಹಳ ಹೊತ್ತು ನೋಡಿದ. ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ಇವ್ರೊಬ್ರು ಗುರ್ತು ಸಿಕ್ಕೂದಿಲ್ಲ ಅಕ್ಕೋರೆ," ಎಂದ.

ಇನ್ನೂರಕ್ಕೂ ಹೆಚ್ಚು ಫೋಟೋಗಳಲ್ಲಿ ಅವನಿಗೆ ಗುರುತು ಸಿಗದ ಮುಖ ಅದೊಂದೇ. ಅಕ್ಕೋರ ಇತಿಹಾಸದ ನೆತ್ತರು ಕುದಿಯಿತು. 'ಅಪರಿಚಿತ ಪಾದ್ರಿ, ಸುಮಾರು 1900' ಎಂದು ಬರೆದರು. ಜರ್ಮನಿಗೆ ಎರಡು ಕಾಗದ ಹಾಕಿದರು. ಇಂಥವರು ನಮ್ಮ ದಾಖಲೆಯಲ್ಲಿಲ್ಲ ಎಂದು ಉತ್ತರ ಬಂತು. ಆಗ ಅವರ ಹಟ ಇಮ್ಮಡಿಯಾಯಿತು. ದಾಖಲೆಯಿಂದಲೇ ಜಾರಿದ ಪಾದ್ರಿ ಎಂದರೆ ಸಣ್ಣವರಲ್ಲ. ಫೋಟೋವನ್ನು ಎಲ್ಲಕ್ಕಿಂತ ದೊಡ್ಡ ಚೌಕಟ್ಟಿನಲ್ಲಿ ಹಾಕಿಸಿ ಕೋಣೆಯ ಬಾಗಿಲಿಗೆ ಎದುರಾಗಿ ತೂಗಿಸಿದರು. ಒಂದು ಮಾಸಿಕಕ್ಕೆ ಆರು ಪುಟದ ಲೇಖನ ಬರೆದರು. ಪರದೇಶದಿಂದ ಬಂದು ನಮ್ಮ ಜನರ ನಡುವೆ ಹೆಸರಿಲ್ಲದೆ ಮಣ್ಣಾದ ಈ ತಪಸ್ವಿಯ ಕಣ್ಣುಗಳಲ್ಲಿ ತಡೆಹಿಡಿದ ಕರುಣೆಯೊಂದು ತುಳುಕುತ್ತಿದೆ ಎಂದು ಬರೆದರು. ಕಿರುಬೆರಳು ಬಾಗಿರುವುದನ್ನು ಗುರುತಿಸಿ, ವರ್ಷಗಟ್ಟಲೆ ಲೇಖನಿ ಹಿಡಿದು ಬರೆದದ್ದರ ಫಲವಿರಬೇಕು ಎಂದೂ ಬರೆದರು.

ಪತ್ರಿಕೆ ಬಂದ ದಿನ ಹುಲಿಯಾನಿಗೆ ಓದಿ ಹೇಳಿದರು. ಅವನು ಚಾದ ಲೋಟ ಕೆಳಗಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಪರೀಕ್ಷೆಗೆ ಕೂತವನಂತೆ ಕೇಳಿದ. ಮುಗಿದ ಮೇಲೆ ಕಣ್ಣಲ್ಲಿ ನೀರಿತ್ತು.

"ಆ ಕರುಣೆ ಕಣ್ಣಿಂದು ಇನ್ನೊಂದ್ ಸಲ ಓದಿ ಅಕ್ಕೋರೆ."

ಅಕ್ಕೋರು ಓದಿದರು. ಅವನು ಮೂರನೆಯ ಸಲವೂ ಕೇಳಿದ. ಇಷ್ಟು ಭಾವುಕ ಮನುಷ್ಯ ಎಂದು ಅವರಿಗೆ ಅದುವರೆಗೆ ಗೊತ್ತಿರಲಿಲ್ಲ.

*

ಗಂಡಸರು ಕಡಲ ಬದಿಯ ಮಸಣಕ್ಕೆ ಹೋದರು. ಚಾಪೆ, ಕಂಬಳಿಗಳು ಹಿಂದೆ ಹೋದವು. ಹೆಂಗಸರು ಮನೆ ತೊಳೆದು, ಹೆಣವಿದ್ದ ಜಾಗವನ್ನು ಸೆಗಣಿ ಹಾಕಿ ಸಾರಿಸಿದರು. ಗಂಟು ಸತ್ತವನ ಅಡಿಯಲ್ಲಿದ್ದದ್ದು, ಹೊಸಿಲು ದಾಟುವಂತಿಲ್ಲ. ಆದ್ದರಿಂದ ಅಕ್ಕೋರು ಒಳಗೆ ಹೋಗಲಿಲ್ಲ. ಜಗಲಿಯ ಒಂದು ಮೂಲೆಯಲ್ಲಿ ಒಣ ಗೋಣಿಯ ಮೇಲೆ ಕುಳಿತು, ಬಿಳಿ ಕೈಗವಸು ತೊಟ್ಟು, ರಿಜಿಸ್ಟರು ತೆರೆದರು. ಮಾಡಬೇಕಾದ ಕೆಲಸವನ್ನು ಮಾಡುವುದು, ಅತ್ತರೆ ಆಮೇಲೆ ಅಳುವುದು.

ಕನ್ನಡಕ, ಮೊಹರು, ಹಾಜರಿ ಪುಸ್ತಕ ಮೊದಲು. ಆಮೇಲೆ ಫೋಟೋಗಳು. ಪ್ರತಿಯೊಂದರ ಹಿಂದೆಯೂ ಹುಲಿಯಾ ತನ್ನ ಕೋಳಿಕಾಲು ಅಕ್ಷರದಲ್ಲಿ ಹೆಸರುಗಳನ್ನು ಬರೆದಿಟ್ಟಿದ್ದ. ಬದುಕಿದ್ದಾಗ ಬಾಯಲ್ಲೇ ಹೇಳುತ್ತೇನೆ ಎಂದು ಒಂದಕ್ಷರವನ್ನೂ ಬರೆಯಲೊಲ್ಲದವನು ಯಾವಾಗಲೋ ಕುಳಿತು ಎಲ್ಲವನ್ನೂ ಬರೆದು ಮುಗಿಸಿದ್ದ. ಕೊನೆಕೊನೆಯ ಅಕ್ಷರಗಳು ನಡುಗಿದ್ದವು.

ಸೆಮಿನರಿಯ ಕೊನೆಯ ವರ್ಷಗಳ ಗುಂಪು ಫೋಟೋಗಳಲ್ಲಿ, ಹಿಂದೆ ಕಟ್ಟಿದ ಬಿಳಿ ಪರದೆಯ ಅಂಚಿಗೆ, ಪರದೆ ಹಾರದಂತೆ ಹಿಡಿದ ಯಾರದೋ ಬೆರಳುಗಳು ಇಣುಕುತ್ತಿದ್ದವು. ಅಂಥವನ್ನು ಅಕ್ಕೋರು ಈ ಹಿಂದೆಯೂ ನೋಡಿ 'ಅಂಚಿನಲ್ಲಿ ಬೆರಳು, ಕತ್ತರಿಸಬಹುದು' ಎಂದು ರಿಜಿಸ್ಟರಿನಲ್ಲಿ ಟಿಪ್ಪಣಿ ಹಾಕಿದ್ದರು.

ನಲವತ್ತೆಂಟು ಆಯಿತು. ಉಳಿದದ್ದು ಒಂದು ಲಕೋಟೆ. ಮೇಲೆ 'ಗೋದಾವರಿ ಅಕ್ಕೋರಿಗೆ' ಎಂದಿತ್ತು. ಅಷ್ಟರಲ್ಲಿ ಗಂಡಸರು ತಲೆಯಿಂದ ನೀರಿಳಿಸುತ್ತ ಬಂದರು.

ತಿಮ್ಮು ಬಟ್ಟೆ ಬದಲಿಸಿ, ಒಳಗೆ, ಬಾಗಿಲಿಗೆ ನೇರವಾಗಿ, ಅಣ್ಣ ದಿನವೂ ಮಲಗುತ್ತಿದ್ದ ಜಾಗದಲ್ಲಿ ಅಕ್ಕಿ ಹರಡಿ ದೀಪ ಹಚ್ಚಿದ. ದೀಪದ ಹಿಂದೆ ಫೋಟೋ ಇಡಬೇಕು. ಅಲ್ಲಿಗೆ ಬಂದು ಕೆಲಸ ನಿಂತಿತು. ಹುಲಿಯಾನ ಫೋಟೋ ಇರಲಿಲ್ಲ. ಯಾರಾದರೂ ಮೊಬೈಲು ಎತ್ತಿದರೆ ಸಾಕು, ಅವನು ಒಂದೋ ಬೆನ್ನು ತಿರುಗಿಸುತ್ತಿದ್ದ, ಇಲ್ಲವೇ ಎತ್ತಿದವರದೇ ಮುಖ ಮಾಡಿ ತೋರಿಸುತ್ತಿದ್ದ. ಬೊಮ್ಮಿ ಆಧಾರ್ ಕಾರ್ಡು ತಂದಳು. ಅದರಲ್ಲಿದ್ದವನು ಕೋಳಿ ಕದ್ದು ಸಿಕ್ಕಿಬಿದ್ದವನಂತಿದ್ದ.

"ಇದು ಅಪ್ಪ ಅಲ್ಲ," ಎಂದಳು ಅವಳೇ. "ಎಲ್ಲರ್ ಫೋಟೋ ಕಾಯ್ದ. ಅವ್ನದೊಂದ್ ಇಲ್ದೆ ಹೋಯ್ತು."

ಮೂಲೆಯಲ್ಲಿ ಅಶೋಕ ಕೆಮ್ಮಿದ. ಒಂದು ಕೆಮ್ಮು ಸಾಲದೆ ಇನ್ನೊಂದು ಸಲ ಕೆಮ್ಮಿದ. "ಅಕ್ಕೋರೆ, ನಿಮ್ಮ ಕೈಲಿದ್ದ ಲಕೋಟೆ ತೆಗೀರಿ. ತೆಗ್ಯೂಕೆ ಮುಂಚೆ ನಾ ಒಂದ್ ಹೇಳ್ತೆ, ಅದ್ರಾಗೆ ನಂದೂ ತಪ್ಪು ಅದೆ."

ಅಕ್ಕೋರು ಲಕೋಟೆ ತೆರೆದರು.

ಅದೇ ಕರಿ ನಿಲುವಂಗಿ. ಅದೇ ಬೈಬಲು. ಆದರೆ ಗಡ್ಡ ಮುಖದಲ್ಲಿರಲಿಲ್ಲ, ಕುತ್ತಿಗೆಗೆ ಜಾರಿ ಮಾಲೆಯಂತೆ ತೂಗುತ್ತಿತ್ತು. ಅದರ ಮೇಲೆ ನಲವತ್ತೆರಡರ ಹುಲಿಯಾ ಗೌಡ, ಎಲ್ಲ ಹಲ್ಲುಗಳನ್ನೂ ತೋರಿಸಿ, ಕಣ್ಣು ಮುಚ್ಚಿ ನಗುತ್ತಿದ್ದ. ಬೈಬಲಿನ ಮೇಲೆ ಗಾಳದಂಥ ಕಿರುಬೆರಳು. ಹನ್ನೊಂದು ವರ್ಷ ಅವರ ಕಣ್ಣೆದುರೇ ಚಾದ ಲೋಟಕ್ಕೆ ಕೊಕ್ಕೆ ಹಾಕಿದ ಬೆರಳು.

ಅಶೋಕ ಮುಂದೆ ಬಂದು ಹೇಳಿದ. ಸೆಮಿನರಿ ಮುಚ್ಚಿದ ದಿನ ಕಟ್ಟಡದ ಫೋಟೋ ತೆಗೆಯಲು ಅವನನ್ನು ಕರೆಸಿದ್ದರಂತೆ. ಎಲ್ಲರೂ ಹೋದ ಮೇಲೆ ರೀಲಿನಲ್ಲಿ ಎರಡು ಫೋಟೋ ಉಳಿದಿತ್ತಂತೆ. ಹುಲಿಯಾ ಹಳೆಯ ಪೆಟ್ಟಿಗೆಯಿಂದ ನಿಲು­ವಂಗಿ ತೆಗೆದು ತೊಟ್ಟ. ತೆಂಗಿನ ನಾರಿನಲ್ಲಿ ಗಡ್ಡ ಕಟ್ಟಿದ.

"'ಇಪ್ಪತ್ತಾರು ವರ್ಷ ನಾ ಪರದೆ ಹಿಡ್ದೆ, ಇವತ್ತು ನೀ ಪರದೆ ಇಲ್ದೆ ತೆಗಿ' ಅಂದ ಹುಲಿಯಾ," ಎಂದ ಅಶೋಕ. "ಹಳೇದ್ ಕಾಣ್ಲಿ ಅಂತ ಒಂದ್ನ ಚಾದ ನೀರಾಗೆ ಅದ್ದಿದ್ದು ನಾನು. ಉಳ್ದದ್ದು ಅವ್ನ ಒಲೆ ಹೊಗೆ ಮಾಡ್ತು. ನೀವು ಅದನ್ನ ಬಾಗ್ಲಿಗೇ ತೂಗ್ಸ್ದಾಗ, ನಾ ಹೇಳಿಬಿಡು ಮಾರಾಯಾ ಅಂದೆ. ಅವ ಕೇಳಿಲ್ಲ. ಅಕ್ಕೋರು ನಗೂದ್ ನಾ ನೋಡ್ಬೇಕು, ಕಡೇ ಫೋಟೋ ಕೊಡೋ ದಿನ ಹೇಳ್ತೆ ಅಂದಿದ್ದ."

ಅಕ್ಕೋರು ಫೋಟೋ ತಿರುಗಿಸಿದರು. ಹಿಂದೆ ಬರೆದಿತ್ತು: '87ನೇ ನಂಬರಿನ ಪಾದ್ರಿಯ ಗುರುತು ಸಿಕ್ಕಿತು. ಹೆಸರು ಹುಲಿಯಾ. ಊರು ಬೆಳಂಬಾರ. ಕಣ್ಣಿನಲ್ಲಿ ತಡೆದದ್ದು ಕರುಣೆ ಅಲ್ಲ ಅಕ್ಕೋರೆ.'

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ರಿಜಿಸ್ಟರನ್ನು ಹಿಂದಕ್ಕೆ ಮಗುಚಿ ಎಂಬತ್ತೇಳಕ್ಕೆ ಬಂದರು. 'ಅಪರಿಚಿತ' ಎಂಬುದರ ಮೇಲೆ ಸ್ಕೇಲು ಇಟ್ಟು ನೇರವಾಗಿ ಗೆರೆ ಎಳೆದು, ಪಕ್ಕದಲ್ಲಿ ಹೆಸರು, ಊರು ಬರೆದರು. ಗೆರೆಗೆ ಅಡ್ಡ ಸಹಿ, ತಾರೀಕು. ಆಮೇಲೆ ಪುಟಗಳನ್ನು ಹುಡುಕಿ, 'ಅಂಚಿನಲ್ಲಿ ಬೆರಳು, ಕತ್ತರಿಸಬಹುದು' ಎಂದಿದ್ದಲ್ಲೆಲ್ಲ 'ಕತ್ತರಿಸಬಹುದು' ಎಂಬುದನ್ನು ಹೊಡೆದುಹಾಕಿ, ಪ್ರತಿಯೊಂದಕ್ಕೂ ಅದೇ ಹೆಸರು ಬರೆದರು. ಅಷ್ಟು ಹೊತ್ತೂ ಕೊಪ್ಪದ ಜನ ಶಾಲೆಯ ಮಕ್ಕಳಂತೆ ಕೈ ಕಟ್ಟಿ ನಿಂತಿದ್ದರು. ಅಶೋಕನಂತೂ ಬೆತ್ತದ ಏಟಿಗೆ ಕೈ ಚಾಚಿದವನಂತಿದ್ದ.

"ಈ ಫೋಟೋ ಇಂದೇ ಬೆಳಕು ಕಂಡದ್ದು, ಸೂತಕ ಕಳ್ದ ಮೇಲೆ, ಕಪಾಟಿಗೆ ಹನ್ನೊಂದ್ ದಿನ ತಡವಾಗಿ ಬಂದ್ರೂ ಅಡ್ಡಿಲ್ಲ," ಎಂದು ಅಕ್ಕೋರು ಅದನ್ನು ತಿಮ್ಮುವಿನತ್ತ ಚಾಚಿದರು. "ಹಾಸ್ಗೆಯೊಳ್ಗೆ ಇದ್ದದ್ದು. ಒಳಗೆ ತಕ್ಕೊಳ್ತೀರಾ?"

ತಿಮ್ಮು ಫೋಟೋ ನೋಡಿದ. ಪದ್ಧತಿಯನ್ನು ನೆನೆದ. "ಹಾಸ್ಗೆ ಸುಟ್ಟಾಯ್ತು," ಎಂದ. "ಇದು ಮನ್ಷ್ಯ. ಅವ್ನ ಮನಿ, ಅವ ಒಳ್ಗೆ ಬರೂಕೆ ನನ್ನ ಎಂತ ಕೇಳುದು?"

ಅವನು ಅದನ್ನು ಒಯ್ದು ದೀಪದ ಹಿಂದೆ ಒರಗಿಸಿಟ್ಟ. ಬೊಮ್ಮಿ ಅಬ್ಬಲಿಗೆ ಹೂವಿನ ದಂಡೆಯನ್ನು ಅದಕ್ಕೆ ಹಾಕಿದಳು. ದಂಡೆ ಸರಿಯಾಗಿ ನಾರಿನ ಗಡ್ಡದ ಮೇಲೆ ಕುಳಿತಿತು. ಕಿತ್ತಳೆ ಹೂವಿನ ಗಡ್ಡದ ಪಾದ್ರಿ, ಹಲ್ಲು ಬಿಟ್ಟುಕೊಂಡು, ತನ್ನದೇ ಸಾವಿನ ಮನೆಯನ್ನು ನೋಡಿದ.

ಜಗಲಿಯಿಂದ ಮೊದಲು ಒಂದು ಬಿಕ್ಕಳಿಕೆ ಕೇಳಿಸಿತು. ಅಕ್ಕೋರು ಈಗ ಅಳುತ್ತಾರೆ ಎಂದು ಹೀರಾ ನೀರು ತರಲು ಎದ್ದಳು. ಎರಡನೆಯದು ಬಿಕ್ಕಳಿಕೆಯಾಗಿರಲಿಲ್ಲ. ಮೂರನೆಯದಕ್ಕೆ ಅಕ್ಕೋರು ರಿಜಿಸ್ಟರನ್ನು ಎದೆಗೆ ಒತ್ತಿಕೊಂಡು, "ಬರೆದು ಬರೆದು... ಬೆರಳು ಬಾಗಿತಂತೆ..." ಎನ್ನುವಷ್ಟರಲ್ಲಿ ಮಾತು ಮುರಿದು, ನಗು ಕಟ್ಟೆಯೊಡೆಯಿತು. ಅಶೋಕ ನಕ್ಕ. ಬೊಮ್ಮಿ ಅಳುತ್ತಲೇ ನಕ್ಕಳು. ಅಂಗಳದವರು ಸಾವಿನ ಮನೆ ಎಂದು ಮರೆತು ನಕ್ಕರು, ನೆನಪಾಗಿ ನಿಲ್ಲಿಸಿದರು. ನಿಲ್ಲಿಸದವರು ಅಕ್ಕೋರು ಒಬ್ಬರೇ. ಕಂಬಕ್ಕೆ ತಲೆಯಾನಿಸಿ, ಬಿಳಿ ಕೈಗವಸಿನಲ್ಲಿ ಕಣ್ಣೊರೆಸುತ್ತ, ಹೆಂಚಿನ ಮೇಲೆ ಮತ್ತೆ ಸುರಿಯತೊಡಗಿದ ಮಳೆಗಿಂತ ಜೋರಾಗಿ ನಗುತ್ತಲೇ ಇದ್ದರು.

ಗಾಳಿಗೆ ದೀಪದ ಕುಡಿ ಬಾಗಿತು. ತಿಮ್ಮು ಅದರ ಮುಂದೆ ಕುಕ್ಕರಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಎರಡೂ ಅಂಗೈಗಳನ್ನು ಪರದೆಯಂತೆ ಅಡ್ಡ ಹಿಡಿದ. ಅವನ ಭುಜಗಳು ಕುಲುಕುತ್ತಿದ್ದವು. ಕೈ ಮಾತ್ರ ಅಲುಗಲಿಲ್ಲ.